ಸೀನುವುದಕ್ಕೆ ಒಂದು ಕ್ಷಣ ಮೊದಲು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೀನಿದರೆ, ಜೋರಾಗಿ ನಕ್ಕರೆ, ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿದರೆ ಒಂದೆರಡು ಹನಿ ಮೂತ್ರ ಹೋಗಿಬಿಡುತ್ತದೆ ಎಂದು ಬರೆದಿದ್ದೀ. ಹೆರಿಗೆಯಾಗಿ ಎಂಟು ತಿಂಗಳಾದರೂ ನಿಂತಿಲ್ಲ, ಅದಕ್ಕೇ ಹೊರಗೆ ಹೊರಡುವ ದಿನ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದೂ ಬರೆದಿದ್ದೀ. ಮೊದಲು ಆ ಅಭ್ಯಾಸ ಬಿಡು. ನೀರು ಕಡಿಮೆಯಾದರೆ ಮೂತ್ರ ಕಡು ಹಳದಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಉರಿಮೂತ್ರಕ್ಕೆ ದಾರಿಯಾಗುತ್ತದೆ. ಮಲವೂ ಗಟ್ಟಿಯಾಗುತ್ತದೆ. ದಿನಾ ತಿಣುಕಿ ಹೋಗುವಂತಾದರೆ ಈಗಾಗಲೇ ಸಡಿಲಾಗಿರುವ ಸ್ನಾಯು ಇನ್ನಷ್ಟು ಜಗ್ಗುತ್ತದೆ. ಬಾಣಂತಿಗೆ ನೀರು ಕೊಡಬಾರದು ಎಂಬ ನಮ್ಮ ಕಡೆಯ ಹಳೇ ಕಟ್ಟುಪಾಡಿನಲ್ಲಿ ನನಗೆ ಒಂದು ಒಳ್ಳೆಯ ಅಂಶವೂ ಕಂಡಿಲ್ಲ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಹಾಲೂಡಿಸುವವಳಿಗೆ ಬಾಯಾರಿಕೆಯಾದಷ್ಟೂ ಹೆಚ್ಚು.

ಸೋರುವುದು ಯಾಕೆ ಎಂದು ತಿಳಿದರೆ ವ್ಯಾಯಾಮ ತಪ್ಪುವುದಿಲ್ಲ, ಅದಕ್ಕೆ ಇಷ್ಟು ಹೇಳುತ್ತೇನೆ. ಸೊಂಟದ ಮೂಳೆ ತಳವಿಲ್ಲದ ಬೋಗುಣಿ ಇದ್ದ ಹಾಗೆ. ಮುಂದಿನ ಗುಹ್ಯದ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯಂತೆ ಕಟ್ಟಿಕೊಂಡಿರುವ ಸ್ನಾಯುಗಳೇ ಅದರ ತಳ. ಡಾಕ್ಟರು ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ಮೂತ್ರಕೋಶ, ಗರ್ಭಕೋಶ, ಮಲಾಶಯ ಇದರ ಆಸರೆಯ ಮೇಲಿವೆ. ಕೆಮ್ಮಿದಾಗ ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ. ಜೋಲಿ ಬಿಗಿಯಾಗಿದ್ದರೆ ಮೂತ್ರನಾಳ ಅದಕ್ಕೆ ಒತ್ತಿಕೊಂಡು ಮುಚ್ಚುತ್ತದೆ; ಜೋತುಬಿದ್ದಿದ್ದರೆ ಒತ್ತಿಕೊಳ್ಳಲು ಗಟ್ಟಿ ನೆಲೆಯೇ ಇರುವುದಿಲ್ಲ, ಹನಿ ಜಾರುತ್ತದೆ. ಸಿಸೇರಿಯನ್ ಆದವರಿಗೂ ಇದು ಬರುತ್ತದೆ. ಒಂಬತ್ತು ತಿಂಗಳ ಭಾರ ಅವರೂ ಹೊತ್ತಿರುತ್ತಾರಲ್ಲ.

ಈಗ ಆ ಸ್ನಾಯುವನ್ನು ಹುಡುಕುವ ಕೆಲಸ. ಹೆಚ್ಚಿನವರು ತಪ್ಪುವುದು ಇಲ್ಲೇ. ಚಾಪೆಯ ಮೇಲೆ ಅಂಗಾತ ಮಲಗಿ ಮಂಡಿ ಮಡಚು, ಪಾದ ನೆಲದ ಮೇಲಿರಲಿ. ಒಂದು ಕೈ ಹೊಟ್ಟೆಯ ಮೇಲಿಡು. ನಾಲ್ಕು ಜನರ ನಡುವೆ ಕೂತಾಗ ಹೂಸು ತಡೆಯುತ್ತೀಯಲ್ಲ, ಹಾಗೆ ಗುದದ್ವಾರವನ್ನು ಮೆಲ್ಲಗೆ ಒಳಕ್ಕೆಳೆದುಕೋ. ಆ ಎಳೆತವನ್ನು ಹಾಗೇ ಮುಂದಕ್ಕೆ, ಯೋನಿ ಮತ್ತು ಮೂತ್ರದ್ವಾರದವರೆಗೆ ತಂದು ಮೇಲಕ್ಕೆತ್ತು. ಮೊದಮೊದಲು ನಂಬಿಕೆ ಬರುವುದಿಲ್ಲ, ಅಷ್ಟು ಸಣ್ಣ ಚಲನೆ ಅದು. ಬಾಗಿಲು ಹಾಕಿಕೊಂಡು ಕೈಗನ್ನಡಿ ಹಿಡಿದು ನೋಡು: ಗುದದ್ವಾರ ಸುಕ್ಕುಗಟ್ಟಿ, ಅದರ ಮುಂದಿನ ಚರ್ಮ ಒಳಕ್ಕೆ ಹೋಗಬೇಕು. ಹೊರಕ್ಕೆ ಉಬ್ಬಿದರೆ ನೀನು ಎತ್ತುತ್ತಿಲ್ಲ, ತಿಣುಕುತ್ತಿದ್ದೀ. ಅದು ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಮಾಡುತ್ತದೆ. ಕುಂಡೆ ಬಿಗಿಯುವುದು, ತೊಡೆ ಜೋಡಿಸುವುದು, ಉಸಿರು ಕಟ್ಟುವುದು, ಇವು ಮೂರೂ ಬಲಹೀನ ಸ್ನಾಯುವಿನ ಕಳ್ಳಾಟ. ಹೊಟ್ಟೆಯ ಮೇಲಿಟ್ಟ ಕೈ ಮೇಲಕ್ಕೆದ್ದರೂ ಅದೇ ಕಥೆ.

ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡು ಎಂದು ಯಾರಾದರೂ ಹೇಳಿಯಾರು. ಸ್ನಾಯು ಎಲ್ಲಿದೆ ಎಂದು ತಿಳಿಯಲು ಒಮ್ಮೆ ತಡೆದು ನೋಡಿದರೆ ತಪ್ಪಿಲ್ಲ. ದಿನಾ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಎಳೆದು ಮೂರು ಸೆಕೆಂಡ್ ಹಿಡಿ, ಉಸಿರಾಡುತ್ತಲೇ ಇರು. ಆಮೇಲೆ ಪೂರ್ತಿ ಬಿಡು, ಕಡಿಮೆಯೆಂದರೆ ಅಷ್ಟೇ ಹೊತ್ತು. ಈ ಬಿಡುವುದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನನ್ನ ಮಟ್ಟಿಗೆ ವ್ಯಾಯಾಮದ ಅರ್ಧ ಅದೇ. ಸದಾ ಬಿಗಿದೇ ಇರುವ ಸ್ನಾಯು ದಣಿದಿರುತ್ತದೆ, ಸೀನು ಬಂದಾಗ ಕೈಕೊಡುತ್ತದೆ. ಹೀಗೆ ಎಂಟು ಸಲ, ಅದರ ಹಿಂದೆಯೇ ಎಂಟು ಹತ್ತು ಸಲ ಚುಟುಕಾಗಿ ಎಳೆದು ಬಿಡು. ದಿನಕ್ಕೆ ಮೂರು ಹೊತ್ತು. ಐದನೆಯದಕ್ಕೇ ಕುಂಡೆ ಬಿಗಿಯತೊಡಗಿದರೆ ಸದ್ಯಕ್ಕೆ ನಿನ್ನ ಲೆಕ್ಕ ನಾಲ್ಕು, ಅಲ್ಲಿಗೇ ನಿಲ್ಲಿಸು. ವಾರ ವಾರಕ್ಕೆ ಒಂದೊಂದು ಸೆಕೆಂಡ್ ಏರಿಸುತ್ತ ಹತ್ತಕ್ಕೆ ತಾ. ಮಲಗಿ ಮಾಡುವುದು ಸಲೀಸಾದ ಮೇಲೆ ಕೂತು, ಆಮೇಲೆ ನಿಂತು ಮಾಡು. ನಾವು ನಿಂತಿರುವಾಗಲೇ ತಾನೆ ಸೋರುವುದು. ಕನಿಷ್ಠ ಮೂರು ತಿಂಗಳು ನಡೆಸು. ಎರಡು ವಾರಕ್ಕೆ ಏನೂ ಆಗಲಿಲ್ಲ ಎಂದು ಕೈಬಿಡುವವರೇ ಹೆಚ್ಚು.

ಇದಕ್ಕೆ ಕೀಗಲ್ ವ್ಯಾಯಾಮ ಎಂದು ಹೆಸರು. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೀಗಲ್ 1948ರಲ್ಲಿ ಬರೆದು ಹೆಸರುಮಾಡಿದ್ದು. ಹಠಯೋಗದ ಮೂಲಬಂಧವೂ ಇದೇ ಭಾಗದ್ದು, ಆದರೆ ಅಲ್ಲಿ ಕುಂಭಕದಲ್ಲಿ ಉಸಿರು ಹಿಡಿಯುವುದುಂಟು. ನಿನಗೀಗ ಅದು ಬೇಡ.

ಬಲ ಬರುವವರೆಗೆ ಕಾಯದೆ ಇವತ್ತೇ ಶುರುಮಾಡಬಹುದಾದದ್ದು ಇನ್ನೊಂದಿದೆ. ಮೂಗಿನಲ್ಲಿ ಕಚಗುಳಿಯಾಗಿ ಸೀನು ಇನ್ನೇನು ಬಂತು ಅನ್ನುವಾಗಲೇ ಒಮ್ಮೆ ಎಳೆದು ಹಿಡಿ, ಸೀನು ಮುಗಿದ ಮೇಲೆ ಬಿಡು. ಸೀನಿದ ಮೇಲೆ ಎಳೆದು ಪ್ರಯೋಜನವಿಲ್ಲ. ಕೆಮ್ಮಿಗೂ ಹೀಗೆಯೇ. ಮಗುವನ್ನು ಎತ್ತುವಾಗ ಮೈಗೆ ಹತ್ತಿರ ತಂದುಕೊಂಡು, ಮೊದಲು ಎಳೆದು, ಉಸಿರು ಬಿಡುತ್ತ ಎತ್ತು. ಗ್ಯಾಸ್ ಸಿಲಿಂಡರ್ ತಂಟೆಗೆ ಮಾತ್ರ ಹೋಗಬೇಡ. ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣ ಸೇರಿ 30ರ ಹತ್ತಿರ. ಅಳಿಯಂದಿರು ಉರುಳಿಸಿಕೊಂಡು ಬರಲಿ.

ಇನ್ನು, ಹೊರಡುವ ಮುಂಚೆ ಇರಲಿ ಅಂತ ಒಂದ್ಸಲ ಬಾತ್‌ರೂಮಿಗೆ ಹೋಗಿಬರುತ್ತೀಯಲ್ಲ, ದಿನಕ್ಕೊಮ್ಮೆಯಾದರೆ ಸರಿ. ಗಂಟೆಗೊಮ್ಮೆ ಹೋದರೆ ಸ್ವಲ್ಪ ತುಂಬಿದರೂ ಕೂಗುವುದನ್ನು ಮೂತ್ರಕೋಶ ಕಲಿತುಬಿಡುತ್ತದೆ. ಆಗ ಬರುವುದೇ ಇನ್ನೊಂದು ಜಾತಿಯ ಸೋರಿಕೆ: ನಲ್ಲಿ ಸದ್ದು ಕೇಳಿದರೆ, ಮನೆ ಬೀಗಕ್ಕೆ ಕೀ ಹಾಕುವಷ್ಟರಲ್ಲಿ ತಡೆಯಲಾರದ ಅವಸರ. ನಿನಗೆ ಅದೂ ಸ್ವಲ್ಪ ಇದ್ದಂತಿದೆ. ಅವಸರ ಬಂದಾಗ ಓಡಬೇಡ. ನಿಲ್ಲು, ಇಲ್ಲವೇ ಕೂರು. ಐದಾರು ಸಲ ಚುಟುಕಾಗಿ ಎಳೆ, ಅಲೆ ಇಳಿದ ಮೇಲೆ ನಡೆದು ಹೋಗು. ಈಗ ಗಂಟೆಗೊಮ್ಮೆ ಹೋಗುತ್ತಿದ್ದರೆ ಹತ್ತು ಹದಿನೈದು ನಿಮಿಷ ಮುಂದೂಡು, ಅದು ಒಗ್ಗಿದ ಮೇಲೆ ಮತ್ತೆ ಹದಿನೈದು, ಮೂರು ಗಂಟೆಯ ಅಂತರ ಬರುವವರೆಗೆ. ಕಾಫಿ ಈ ಅವಸರವನ್ನು ಕೆಣಕುತ್ತದೆ. ಬೆಳಗಿನ ಫಿಲ್ಟರ್ ಕಾಫಿ ಬಿಡು ಎಂದು ನಾನು ಹೇಳಲಾರೆ, ಮಧ್ಯಾಹ್ನದ ಮೇಲಿನದ್ದನ್ನು ಬಿಟ್ಟು ನೋಡು.

ಹೊರಗಿನ ಶೌಚಾಲಯದಲ್ಲಿ ಸೀಟಿಗೆ ತಾಗದಂತೆ ಅರ್ಧ ಬಗ್ಗಿ ನಿಂತು ಮಾಡಿದರೆ ಆ ಸ್ನಾಯು ಸಡಿಲವಾಗುವುದೇ ಇಲ್ಲ, ಮೂತ್ರ ಉಳಿದುಬಿಡುತ್ತದೆ. ಒರೆಸಿ, ಟಿಶ್ಯೂ ಹಾಸಿ ಕೂರು; ಕುಕ್ಕರಗಾಲಿನ ಕಕ್ಕಸು ಸಿಕ್ಕಿದರೆ ಇನ್ನೂ ಒಳ್ಳೆಯದು. ಮನೆಯ ಕಮೋಡಿನ ಮುಂದೆ ಒಂದು ಗಿಡ್ಡ ಮಣೆ ಇಟ್ಟು ಪಾದ ಅದರ ಮೇಲಿಡು, ಮಂಡಿ ಸೊಂಟಕ್ಕಿಂತ ಮೇಲಿದ್ದರೆ ತಿಣುಕುವ ಕೆಲಸವಿಲ್ಲ.

ಪ್ಯಾಡ್ ಬೇಕೆನಿಸಿದರೆ ಮೂತ್ರಕ್ಕೆಂದೇ ಮಾಡಿದ್ದನ್ನು ಕೊಳ್ಳು. ಮುಟ್ಟಿನ ಪ್ಯಾಡು ಒಮ್ಮೆಲೇ ಬರುವ ನೀರನ್ನು ಬೇಗ ಹೀರುವುದಿಲ್ಲ, ಚರ್ಮ ಒದ್ದೆಯಾಗಿಯೇ ಇದ್ದು ಉರಿಯುತ್ತದೆ.

ಒಮ್ಮೆ ಮೂತ್ರ ಪರೀಕ್ಷೆ ಮಾಡಿಸು. ಸೋಂಕು ಅಥವಾ ಸಕ್ಕರೆ ಇದ್ದರೆ ಎಷ್ಟು ವ್ಯಾಯಾಮ ಮಾಡಿದರೂ ಸೋರುವುದು ಪೂರ್ತಿ ನಿಲ್ಲದು. ಯೋನಿಯಲ್ಲಿ ಗಂಟಿನಂತೆ ಏನೋ ಇಳಿದುಬಂದಂತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸು. ಗರ್ಭಕೋಶ ಜಾರಿದ್ದಕ್ಕೆ ಒಳಗೆ ಆಸರೆಯಾಗಿ ಇಡುವ ಪೆಸರಿ ಎಂಬ ಬಳೆಯೂ ಇದೆ, ಎಲ್ಲಕ್ಕೂ ಆಪರೇಷನ್ನೇ ಅಲ್ಲ. ಗಂಡನ ಜೊತೆ ಸೇರುವಾಗ ನೋವಿದ್ದರೆ, ಅಥವಾ ಎಳೆದದ್ದನ್ನು ಬಿಡಲಾಗುತ್ತಿಲ್ಲವಾದರೆ, ವ್ಯಾಯಾಮ ನಿಲ್ಲಿಸಿ ಕೇಳು. ಬಿಗಿದುಕೊಂಡ ಸ್ನಾಯುವಿಗೆ ಮೊದಲು ಸಡಿಲಿಸುವುದನ್ನು ಕಲಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ ತಡಮಾಡಬೇಡ. ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗ ಜೋಮು ಹಿಡಿದಂತಾದರೆ ಆ ದಿನವೇ ಆಸ್ಪತ್ರೆಗೆ ಹೋಗು. ಮೂರು ತಿಂಗಳಿಗೂ ಬದಲಾಗದಿದ್ದರೆ ಪೆಲ್ವಿಕ್ ಫ್ಲೋರ್ ನೋಡುವ ಫಿಸಿಯೋಥೆರಪಿಸ್ಟ್ ಯಾರಿದ್ದಾರೆಂದು ನಿನ್ನ ಡಾಕ್ಟರನ್ನೇ ಕೇಳು. ಅವರು ಬೆರಳಿಟ್ಟು ನೋಡಿ ಎಳೆತ ಸರಿಯೋ ತಪ್ಪೋ ಹೇಳುತ್ತಾರೆ.

ಸದ್ಯಕ್ಕೆ ಮೂರು ದಿನ ಒಂದು ಪಟ್ಟಿ ಬರೆ. ಎಷ್ಟು ಗಂಟೆಗೆ ಏನು ಕುಡಿದೆ, ಎಷ್ಟು ಗಂಟೆಗೆ ಹೋದೆ, ಎಷ್ಟು ಬಂತು, ಏನು ಮಾಡುವಾಗ ಸೋರಿತು. ಹಳೆಯ ಅಳತೆಯ ಮಗ್ಗೊಂದನ್ನು ಬಾತ್‌ರೂಮಿನಲ್ಲೇ ಇಟ್ಟುಕೋ, ಮಿಲಿಯಲ್ಲೇ ಬರೆ; ಒಂದು ಲೋಟ, ಅರ್ಧ ಲೋಟ ಅಂತೆಲ್ಲ ಬೇಡ. ಫೋಟೋ ತೆಗೆದು ನನಗೊಂದು ಕಳಿಸು, ಡಾಕ್ಟರ ಹತ್ತಿರ ಹೋಗುವಾಗ ಮೂಲಪ್ರತಿ ಒಯ್ಯಿ.

ಇಂತಿ,
ದೊಡ್ಡಮ್ಮ