ಭಾನುವಾರದ ಮಾತುಕತೆ: ಊರು ಬಿಟ್ಟವರು ಕಟ್ಟಿದ್ದು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಕೋಲಾರದಲ್ಲಿ ಹೋದ ಸಲದ ಜಾಗದಲ್ಲೇ ಸೇರೋಣ. ಹುಟ್ಟಿದ್ದೊಂದು ಊರು, ಬದುಕೋದು ಇನ್ನೊಂದು ಊರಾದರೆ ಆರ್ಕಿಟೆಕ್ಟ್ ಕೈಯಲ್ಲಿ ಏನು ಮೂಡುತ್ತೆ ಅನ್ನೋದೇ ವಿಷಯ.

ಆರ್ಕಿಟೆಕ್ಟ್ ಫ್ರಾನ್ಸಿಸ್ ಕೆರೆ ಬಗ್ಗೆ ಸ್ವಲ್ಪ ಓದಿಕೊಂಡು ಬನ್ನಿ. (ಹೆಸರು ಕೇಳಿದರೆ ನಮ್ಮ ಕಡೆಯವರು ಅನ್ನಿಸುತ್ತೆ, ಅಲ್ವಾ! ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದವರು.) ಬರ್ಲಿನ್‌ನಲ್ಲಿ ಇನ್ನೂ ಓದುತ್ತಿದ್ದಾಗಲೇ ದುಡ್ಡು ಕೂಡಿಸಿ, ಊರಿನವರನ್ನೇ ಸೇರಿಸಿಕೊಂಡು ತಮ್ಮ ಗಾಂಡೊ ಹಳ್ಳಿಯಲ್ಲಿ ಶಾಲೆ ಕಟ್ಟಿದರು. ಮಣ್ಣಿಗೆ ಒಂಚೂರು ಸಿಮೆಂಟ್ ಬೆರೆಸಿದ ಇಟ್ಟಿಗೆ, ಇಟ್ಟಿಗೆ ಚಾವಣಿಯ ಮೇಲೆ ಅಂತರ ಬಿಟ್ಟು ಎತ್ತಿದ ತಗಡು, ಬಿಸಿಗಾಳಿ ಆ ಸಂದಿಯಿಂದ ಹೊರಗೆ. 2022ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ದಕ್ಷಿಣ ಆಫ್ರಿಕಾದ ಆರ್ಕಿಟೆಕ್ಟ್ ಸುಮಯ್ಯಾ ವಾಲಿ ಇನ್ನೂ ಚಿಕ್ಕವರು. 2021ರ ಲಂಡನ್ ಸರ್ಪೆಂಟೈನ್ ಪೆವಿಲಿಯನ್‌ಗೆ (ಅಲ್ಲಿನ ಕಲಾ ಗ್ಯಾಲರಿ ಬೇಸಿಗೆಗೆಂದು ಕಟ್ಟಿಸುವ ತಾತ್ಕಾಲಿಕ ಮಂಟಪ) ವಲಸೆ ಬಂದವರು ಸೇರುವ ಮಾರ್ಕೆಟ್, ಹೋಟೆಲ್‌ಗಳಿಂದಲೇ ಆಕಾರ ತೆಗೆದುಕೊಂಡರು.

ನಮಗೆ ದೂರದ ಉದಾಹರಣೆಯೇ ಬೇಕಿಲ್ಲ. ಕೆಜಿಎಫ್‌ಗೆ ಗಣಿ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದವರ ಲೈನ್ ಮನೆಗಳಿವೆ. ಗಣಿ ಮುಚ್ಚಿದ್ದು 2001ರಲ್ಲಿ, ಗಾಂಡೊ ಶಾಲೆ ಮುಗಿದಿದ್ದೂ ಅದೇ ವರ್ಷ. ಆ ಮನೆಗಳಲ್ಲಿ ಬೆಳೆದವರು ನಮ್ಮ ಗುಂಪಿನಲ್ಲೇ ಇದ್ದರೆ ದಯವಿಟ್ಟು ಮಾತಾಡಿ, ಸುಮ್ನೆ ಮೂಲೆಯಲ್ಲಿ ಕೂರಬೇಡಿ.

ಅಜ್ಜಿ ಮನೆಯ ಒಂದು ಫೋಟೊ ತನ್ನಿ. ಬರುವವರು ಶುಕ್ರವಾರದೊಳಗೆ ತಿಳಿಸಿ, ಇಡ್ಲಿ ಲೆಕ್ಕ ಹೇಳಬೇಕು.