ಎರಡನೇ ರೈಫಲ್ ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಎರಡನೇ ರೈಫಲ್ ಕೇಳಿದೆ. ಹತ್ತಿರದ ಗುರಿಗೆ ಒಂದು, ದೂರದ್ದಕ್ಕೆ ಇನ್ನೊಂದು. ನಾನು ‘ನೋಡೋಣ’ ಎಂದಿದ್ದೆ. ನೋಡಿದೆ, ಬೇಡ. ಇದಕ್ಕೆ ಜಿಪುಣತನ ಕಾರಣವಲ್ಲ. ಸ್ವಲ್ಪ ಅದೂ ಹೌದು ಎಂದು ನಿನ್ನ ಅಪ್ಪ ಪಕ್ಕದಲ್ಲಿ ಕುಳಿತು ಗೊಣಗುತ್ತಿದ್ದಾರೆ, ಇರಲಿ.

300 ಮೀಟರಿನ ಗುರಿಗೆ ಹೊಡೆದಾಗ ಗುಂಡು ಫಲಕದ ನೆತ್ತಿಯ ಮೇಲೆ ಹಾದುಹೋಯಿತು, ‘ರೈಫಲ್ ಕೈಕೊಟ್ಟಿತು’ ಎಂದೆಯಲ್ಲ. ಆಗ ರೈಫಲಿನ ಮೇಲೆ ಕೂರಿಸುವ ಗುರಿ ದುರ್ಬೀನು, ಅಂದರೆ ಸ್ಕೋಪ್, ಎಷ್ಟು ಪಟ್ಟಿನಲ್ಲಿತ್ತು ಎಂದು ನಾನು ಕೇಳಿದೆ. ‘ಹತ್ತಿರದ ಗುರಿ ಮುಗಿಸಿ ಬಂದಿದ್ದೆ, 3ರಲ್ಲೇ ಇತ್ತು’ ಎಂದು ನೀನು ಹೇಳಿದೆ. ಉತ್ತರ ಅಲ್ಲಿಯೇ ಇದೆ. ನಿನ್ನದು 1ರಿಂದ 6 ಪಟ್ಟು ಹಿಗ್ಗಿಸುವ ಸ್ಕೋಪ್. ಹಿಗ್ಗಿಸಿದರೂ ಕುಗ್ಗಿಸಿದರೂ ಅದರೊಳಗಿನ ಗೆರೆಗಳ ಗಾತ್ರ ಬದಲಾಗುವುದಿಲ್ಲ. ಗುಂಡಿನ ಇಳಿತ ಅಳೆಯುವ ಕೆಳಗಿನ ಸಣ್ಣ ಗೀಟುಗಳು 6ರಲ್ಲಿ ಮಾತ್ರ ನಿಜ ಹೇಳುತ್ತವೆ. 3ಕ್ಕೆ ಇಳಿಸಿದೆಯೋ, ಅದೇ ಗೀಟು ಗುರಿಯ ಮೇಲೆ ಅಳೆಯುವ ಅಂತರ ಎರಡರಷ್ಟಾಗುತ್ತದೆ. ನೀನು ಗುಂಡಿನ ಇಳಿತಕ್ಕೆಂದು ಅರ್ಧ ಮೀಟರ್ ಮೇಲೆ ಹಿಡಿದೆ ಎಂದುಕೊಂಡೆ, ಹಿಡಿದದ್ದು ಒಂದು ಮೀಟರ್. ಪಾಪದ ರೈಫಲ್ ನೀನು ಹೇಳಿದ ಜಾಗಕ್ಕೇ ಹೊಡೆಯಿತು. ಇನ್ನೊಂದು ರೈಫಲ್ ಕೊಂಡಿದ್ದರೆ ಇದೇ ತಪ್ಪನ್ನು ಹೊಸ ನಳಿಗೆಯಿಂದ ಮಾಡುತ್ತಿದ್ದೆ, ಅಷ್ಟೇ.

ನಾನೇನು ಜಾಣೆಯಲ್ಲ. ನಿನ್ನ ವಯಸ್ಸಿನಲ್ಲಿ ಎರಡು ತಿಂಗಳು ಒಂದು ಸ್ಕೋಪನ್ನು ಬೈದುಕೊಂಡು ತಿರುಗಿದವಳು. ಇಂದು ಎಡಕ್ಕೆ, ನಾಳೆ ಮೇಲಕ್ಕೆ. ಕೊನೆಗೆ ಬಿಚ್ಚಿದಾಗ ಸ್ಕೋಪ್ ಕೂರುವ ಅಡಿಪಟ್ಟಿಯ ಒಂದು ಸ್ಕ್ರೂ ಬೆರಳಿನಿಂದಲೇ ತಿರುಗಿತು. ಅಂದಿನಿಂದ ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಸ್ಕೋಪ್ ಕೂರಿಸುವುದಿಲ್ಲ. ಸ್ಕೋಪಿನ ಜೊತೆ ಬರುವ ಕಾಗದದಲ್ಲಿ ಎಷ್ಟು ಬಿಗಿ ಎಂದು ಬರೆದಿರುತ್ತದೆ, ಅಷ್ಟೇ ಸಾಕು. ಹೆಚ್ಚು ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗುತ್ತದೆ. ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಸ್ಕೋಪನ್ನು ಹಿಡಿದಿರುವ ರಿಂಗಿನ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆ. ಗೆರೆ ಮುರಿದಿದ್ದರೆ ಸ್ಕ್ರೂ ಕದಲಿದೆ ಎಂದರ್ಥ.

ಕೂರಿಸುವಾಗ ಸ್ಕೋಪಿಗೂ ಕಣ್ಣಿಗೂ ನಡುವಿನ ದೂರವನ್ನು 6ರಲ್ಲಿಟ್ಟೇ ನೋಡು, ಅಲ್ಲಿ ಅದು ಹೆಚ್ಚು ಹಟಮಾರಿ. ಕಣ್ಣು ಮುಚ್ಚಿ ಕೆನ್ನೆಯನ್ನು ರೈಫಲಿನ ಹಿಂಬದಿಯ ಹಿಡಿಯ ಮೇಲಿಟ್ಟು ಕಣ್ಣು ತೆರೆ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ಣ ಚಿತ್ರ ಕಾಣಬೇಕು. ಕತ್ತು ಚಾಚಿ ಹುಡುಕಬೇಕಾದರೆ ಸ್ಕೋಪನ್ನು ಸರಿಸು, ಕತ್ತನ್ನಲ್ಲ. ನಿಂತು ನೋಡಿದ್ದನ್ನು ಮಲಗಿಯೂ ನೋಡು. ಮಲಗಿದಾಗ ತಲೆ ಮುಂದಕ್ಕೆ ಬರುತ್ತದೆ.

ಜೀರೋ ಮಾಡುವಾಗ, ಅಂದರೆ ಸ್ಕೋಪಿನ ಗೆರೆಯನ್ನು ಗುಂಡು ಬೀಳುವ ಜಾಗಕ್ಕೆ ಹೊಂದಿಸುವಾಗ, ನಿನಗೆ ಅವಸರ. ಒಂದು ಗುಂಡು ಹೊಡೆದು ಸ್ಕೋಪಿನ ಗುಬ್ಬಿ ತಿರುಗಿಸುತ್ತೀಯ. ಒಂದು ತೂತು ಏನನ್ನೂ ಹೇಳುವುದಿಲ್ಲ. ಐದು ಹೊಡೆ, ಅವುಗಳ ನಡುವನ್ನು ಗುರುತಿಸು, ಆಮೇಲೆ ತಿರುಗಿಸು. ನಿನ್ನ ಸ್ಕೋಪಿನ ಗುಬ್ಬಿಯ ಒಂದು ಕ್ಲಿಕ್ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್, 25ರಲ್ಲಿ ಬರೀ ಎರಡೂವರೆ ಮಿಲಿಮೀಟರ್. ಮೊದಲು 25ರಲ್ಲಿ ಗುಂಡನ್ನು ಕಾಗದದ ಮೇಲೆ ತಂದುಕೋ, ಕೊನೆಯ ತೀರ್ಮಾನ 100ರಲ್ಲಿ. ತೋಟಾ ಬದಲಾಯಿಸಿದೆಯೋ, ಮತ್ತೆ ಮೊದಲಿನಿಂದ. ಗುಂಡಿನ ತೂಕ ಒಂದೇ ಎಂಬುದು ಸಬೂಬಾಗದು.

ತೀರಾ ಹತ್ತಿರದ ಗುರಿಯೂ ನಿನ್ನನ್ನು ಮೋಸಗೊಳಿಸುತ್ತದೆ. ಸ್ಕೋಪಿನ ನಡು ನಳಿಗೆಯ ನಡುವಿಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಿದೆ. 100ಕ್ಕೆ ಜೀರೋ ಮಾಡಿದ ರೈಫಲಿನಿಂದ 10 ಮೀಟರಿಗೆ ಹೊಡೆದರೆ ಗುಂಡು ಸುಮಾರು ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನಂಬಬೇಡ, ಹೊಡೆದು ನೋಡಿ ಬರೆದುಕೋ.

6ರ ಮೋಹವನ್ನೂ ಬಿಡು. ನಡೆಯುವಾಗ, ಕಾಯುವಾಗ 1ರಲ್ಲಿರಲಿ, ಎರಡೂ ಕಣ್ಣು ತೆರೆದಿರಲಿ. ದೂರದ ಗುರಿ ಕಂಡರೆ ಸಾಮಾನ್ಯವಾಗಿ ಹಿಗ್ಗಿಸಿಕೊಳ್ಳಲು ಸಮಯವಿರುತ್ತದೆ, ಹತ್ತಿರದ್ದಕ್ಕೆ ಇರುವುದಿಲ್ಲ. ಸಂಜೆ ಮಬ್ಬಾದಾಗ ಇನ್ನೊಂದು ಲೆಕ್ಕವಿದೆ. ಮುಂದಿನ ಮಸೂರ 24 ಮಿಲಿಮೀಟರ್, ಅದನ್ನು 6ರಿಂದ ಭಾಗಿಸು. ಕಣ್ಣಿಗೆ ಬರುವ ಬೆಳಕಿನ ಕಂಬ 4 ಮಿಲಿಮೀಟರ್. ಕತ್ತಲಲ್ಲಿ ನಿನ್ನ ಪಾಪೆ ಅದಕ್ಕಿಂತ ದೊಡ್ಡದಾಗುತ್ತದೆ. 4ಕ್ಕೆ ಇಳಿಸಿದರೆ ಕಂಬ 6 ಮಿಲಿಮೀಟರ್ ಆಗಿ ಚಿತ್ರ ಬೆಳಗುತ್ತದೆ. ಮಬ್ಬಿನಲ್ಲಿ ಕಾಣದಿದ್ದರೆ ಎಲ್ಲರೂ ಹಿಗ್ಗಿಸುತ್ತಾರೆ, ನೀನು ಇಳಿಸು. ಗೀಟುಗಳ ವಿಷಯ ಮಾತ್ರ ಮರೆಯಬೇಡ!

ಹಾಗೆಂದು ಸ್ಕೋಪನ್ನು ದುರ್ಬೀನಿನಂತೆ ಬಳಸಬೇಡ. ಪೊದೆಯಲ್ಲಿ ಏನೋ ಅಲುಗಿತೆಂದು ಅದರಲ್ಲಿ ಇಣುಕಿದರೆ ಕಣ್ಣಿನ ಜೊತೆ ನಳಿಗೆಯೂ ಅಲ್ಲಿಗೆ ಹೋಗುತ್ತದೆ. ಅಲುಗಿದ್ದು ಮನುಷ್ಯನೂ ಆಗಿರಬಹುದು. ಈ ಒಂದು ವಿಷಯದಲ್ಲಿ ನಾನು ನಿನ್ನ ಮೇಲೆ ನಿಜಕ್ಕೂ ರೇಗಿದ್ದೆ, ನೆನಪಿದೆಯಲ್ಲ?

ಅಭ್ಯಾಸದ ಬಹುಪಾಲು ಮನೆಯೊಳಗೇ ಮುಗಿಯಲಿ, ಗುಂಡಿಲ್ಲದೆ. ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಬೋಲ್ಟ್ ತೆರೆದು ತೋಟಾ ಕೂರುವ ಜಾಗ ಖಾಲಿಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡು, ಮತ್ತೊಮ್ಮೆ ನೋಡು, ನಳಿಗೆ ಗಟ್ಟಿ ಗೋಡೆಯ ಕಡೆಗಿರಲಿ. ಗುರಿ ಹಿಡಿದು ಕಣ್ಣು ಮುಚ್ಚು, ಎರಡು ಉಸಿರು ಬಿಟ್ಟು ತೆರೆ. ಗೆರೆ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆದು ತರಬೇಡ, ಸೊಂಟವನ್ನೋ ಪಾದವನ್ನೋ ಸರಿಸು. ತೋಳಿನಿಂದ ತಂದದ್ದು ಟ್ರಿಗರ್ ಒತ್ತುವಾಗ ಮರಳಿ ಹೋಗುತ್ತದೆ. ಉಸಿರು ಬಿಟ್ಟ ಮೇಲೆ ಬರುವ ಸಣ್ಣ ವಿರಾಮದಲ್ಲಿ ಒತ್ತು. ಕಟ್ಟೆಂದು ಸದ್ದಾದ ಮೇಲೂ ಗೆರೆ ಅಲ್ಲೇ ಇದೆಯೇ ನೋಡು. ದಿನಕ್ಕೆ ಇಪ್ಪತ್ತು ಸಾಕು. ನೂರು ಮಾಡಿದರೆ ಕೊನೆಯ ಐವತ್ತು ಕೆಟ್ಟ ಅಭ್ಯಾಸ. ಚಿಕ್ಕ ತೋಟಾದ .22 ರೈಫಲ್ ಕೈಗೆ ಬಂದರೆ ಮಾತ್ರ ಅದರ ಕೈಪಿಡಿ ನೋಡದೆ ಹೀಗೆ ಮಾಡಬೇಡ, ಕೆಲವದರಲ್ಲಿ ತೋಟಾಕ್ಕೆ ಬಡಿಯುವ ಸೂಜಿ ತೋಟಾ ಕೂರುವ ಜಾಗದ ಅಂಚಿಗೆ ಬಡಿದು ಹಾಳಾಗುತ್ತದೆ.

ಈ ಪತ್ರದ ಜೊತೆ ಎರಡು ವಸ್ತು ಇಟ್ಟಿದ್ದೇನೆ. ಒಂದು ನನ್ನ ಟಾರ್ಕ್ ವ್ರೆಂಚ್. ಇನ್ನೊಂದು ಖಾಲಿ ನೋಟ್‌ಪುಸ್ತಕ. ಅದರ ಮೊದಲ ಹತ್ತು ಪುಟಗಳನ್ನು ತಣ್ಣಗಿನ ನಳಿಗೆಯ ಮೊದಲ ಗುಂಡಿಗೆ ಬಿಡು. ಬೇರೆ ಯಾವುದನ್ನೂ ಅಲ್ಲಿ ಬರೆಯಬೇಡ. ದಿನಾಂಕ, ಬಿಸಿಲೋ ಚಳಿಯೋ, ಯಾವ ತೋಟಾ, ಎಷ್ಟು ಪಟ್ಟು, ಎಲ್ಲಿ ಬಿತ್ತು. ಬಿಸಿಯಾದ ನಳಿಗೆಯ ಐದನೇ ಗುಂಡು ಎಷ್ಟು ಚೆನ್ನಾಗಿದ್ದರೇನು, ಬೇಕಾದಾಗ ಸಿಗುವುದು ಆ ಮೊದಲನೆಯದೇ. ಹತ್ತು ಪುಟ ತುಂಬಿದ ಮೇಲೆ ಎರಡನೇ ರೈಫಲಿನ ಮಾತು ತೆಗೆ. ಅಪ್ಪನ ಮುಂದೆ ಮಾತ್ರ ಬೇಡ, ಅವರು ಈಗಾಗಲೇ ನಿನ್ನ ಪರ.

ನಿನ್ನ
ಅಮ್ಮ