ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರು

ಸ್ಟುಟ್‌ಗಾರ್ಟ್,
ಭಾನುವಾರ

ಚಿ. ಅನಘಳಿಗೆ ನಿನ್ನ ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರು.

"ಓದೋಕೆ ಮ್ಯೂನಿಕ್ಕಿಗೆ ಬಂದಾಯ್ತು, ಈ ಜರ್ಮನಿಯಲ್ಲಿ ಯಾವ ಯಾವ ಆ್ಯಪ್ ಹಾಕ್ಕೊಳ್ಳಲಿ, ಒಂದು ಪಟ್ಟಿ ಕಳಿಸು ಮಾವ" ಅಂತ ಮೊನ್ನೆ ವಾಟ್ಸಾಪ್ ಮಾಡಿದ್ದೆಯಲ್ಲ, ಎರಡು ನಿಮಿಷದಲ್ಲಿ ಟೈಪ್ ಮಾಡಿ ಕಳಿಸಬಹುದಿತ್ತು. ಬೇಕೆಂದೇ ಕಾಗದ ಹಿಡಿದು ಕೂತಿದ್ದೇನೆ. ಇವತ್ತು ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ನಿಮ್ಮತ್ತೆ ಮಲಗಿದ್ದಾಳೆ, ನನಗೂ ಬೇರೆ ಕೆಲಸವಿಲ್ಲ.

ಎಲ್ಲಕ್ಕಿಂತ ಮೊದಲು ನಿನ್ನ ಮನೆಯ ಕೆಳಗಿರುವ ಅಂಚೆಪೆಟ್ಟಿಗೆಗಳ ಸಾಲು ನೋಡು. ನಮ್ಮ ತಿಪಟೂರಿನಲ್ಲಿ ಪೋಸ್ಟ್‌ಮನ್ನಿಗೆ ಮನೆಯವರ ಮೂರು ತಲೆಮಾರು ಗೊತ್ತು. ಇಲ್ಲಿ ಅವನಿಗೆ ಗೊತ್ತಿರುವುದು ಡಬ್ಬದ ಮೇಲಿನ ಹೆಸರು ಮಾತ್ರ. ವಿಳಾಸದಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿಯೇ ಇಲ್ಲ. ಡಬ್ಬದ ಮೇಲೆ ಹೆಸರಿಲ್ಲದಿದ್ದರೆ ನೀನು ಆ ಮನೆಯಲ್ಲಿ ಇಲ್ಲ ಅಂತಲೇ ಲೆಕ್ಕ. ನಾನು 2009ರಲ್ಲಿ ಬಂದಾಗ ನನ್ನ ಡಬ್ಬದ ಮೇಲೆ ಹಿಂದಿನ ಬಾಡಿಗೆದಾರನ ಹೆಸರಿತ್ತು. ಬ್ಯಾಂಕಿನ ಪಿನ್ ಎರಡು ಸಲ ವಾಪಸ್ಸು ಹೋಯಿತು. ಕಾರ್ಡ್ ಒಂದು ಲಕೋಟೆ, ಪಿನ್ ಇನ್ನೊಂದು ಲಕೋಟೆ ಇಲ್ಲಿ. ಕಾರ್ಡ್ ಮಾತ್ರ ಹೇಗೋ ಬಂತು, ಪಿನ್ ಬರಲಿಲ್ಲ. ಜೇಬಿನಲ್ಲಿ ಕಾರ್ಡಿಟ್ಟುಕೊಂಡು ಪಕ್ಕದ ಮೇಜಿನವನ ಹತ್ತಿರ ಐವತ್ತು ಯೂರೋ ಸಾಲ ಕೇಳಿದೆ. ಕೊನೆಗೆ ಕೆಳಮನೆಯ ಅಜ್ಜಿಯೊಬ್ಬರು ನನ್ನನ್ನು ಕೈ ಹಿಡಿದು ಡಬ್ಬದ ಮುಂದೆ ನಿಲ್ಲಿಸಿ, ಒಂದು ಚೀಟಿ, ಒಂದು ಟೇಪು ಕೊಟ್ಟರು. ಒಂದು ಮಾತೂ ಆಡಲಿಲ್ಲ.

ಇದನ್ನೇಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿಯ ಮುಖ್ಯವಾದ ಆ್ಯಪ್‌ಗಳಲ್ಲಿ ಬಹಳಷ್ಟರ ಬೀಗದ ಕೈ ಅಂಚೆಯಲ್ಲೇ ಬರುವುದು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾದ ಮೇಲೆ 11 ಅಂಕಿಯ ತೆರಿಗೆ ನಂಬರು ಕಾಗದದಲ್ಲೇ ಬರುತ್ತದೆ. ಮುಂದೆ ನೀನು ಕೆಲಸ ಹಿಡಿದು ತೆರಿಗೆ ಲೆಕ್ಕ ಸಲ್ಲಿಸಲು ಎಲ್‌ಸ್ಟರ್ ಎಂಬ ಸರ್ಕಾರಿ ಜಾಲತಾಣಕ್ಕೆ ಹೋದರೆ ಅದರ ಕೋಡೂ ಅಂಚೆಯಲ್ಲೇ. ವಾಸದ ಪರವಾನಗಿ ಕಾರ್ಡಿನೊಳಗೆ ಒಂದು ಚಿಪ್ ಇರುತ್ತದೆ. ಔಸ್‌ವೈಸ್‌ಆ್ಯಪ್ ಎಂಬುದರ ಜೊತೆ ಅದನ್ನು ಬಳಸಿದರೆ ಕೆಲವು ಸರ್ಕಾರಿ ಕೆಲಸ ಮನೆಯಲ್ಲೇ ಕೂತು ಮುಗಿಯುತ್ತದೆ, ಆದರೆ ಆ ಚಿಪ್ಪಿನ ಪಿನ್ ಬರುವ ಕಾಗದವನ್ನು ಜಾಹೀರಾತು ಅಂದುಕೊಂಡು ಎಸೆದವರು ನಮ್ಮವರಲ್ಲೇ ಬೇಕಾದಷ್ಟು ಜನ ಇದ್ದಾರೆ. ನೀನು ಎಸೆಯಬೇಡ. ಒಂದು ಫೈಲ್ ಕೊಂಡು, ಬಂದ ಕಾಗದವನ್ನೆಲ್ಲ ರಂಧ್ರ ಹೊಡೆದು ಸೇರಿಸುತ್ತಾ ಹೋಗು. ಜರ್ಮನರ ಮನೆಯಲ್ಲಿ ದೇವರ ಗೂಡು ಇರುವುದಿಲ್ಲ, ಫೈಲುಗಳ ಗೂಡು ಮಾತ್ರ ಇದ್ದೇ ಇರುತ್ತದೆ.

ಹಾಗಾಗಿ ದಿನಾ ನಿನ್ನ ಕೈ ಹಿಡಿಯುವುದು ಅನುವಾದದ ಕ್ಯಾಮೆರಾ. ಗೂಗಲ್ ಟ್ರಾನ್ಸ್‌ಲೇಟ್ ತೆರೆದು ಕಾಗದದ ಮೇಲೆ ಹಿಡಿದರೆ ಜರ್ಮನ್ ಅಕ್ಷರಗಳ ಜಾಗದಲ್ಲೇ ಇಂಗ್ಲಿಷೋ ಕನ್ನಡವೋ ಮೂಡುತ್ತದೆ. ಕನ್ನಡ ಅದಕ್ಕೆ ಸೇರಿದ್ದು 2011ರಲ್ಲಿ. ಆದರೂ ಸರ್ಕಾರಿ ಕಾಗದಕ್ಕೆ ನನ್ನ ಮಾತು ಕೇಳು, ಇಂಗ್ಲಿಷಿಗೇ ತಿರುಗಿಸಿಕೋ, ಕನ್ನಡದಲ್ಲಿ ಅರ್ಥ ಆಗಾಗ ಜಾರುತ್ತದೆ. ದೊಡ್ಡ ಪ್ಯಾರಾಗಳಿದ್ದರೆ ಡೀಪ್‌ಎಲ್ ಚೆನ್ನಾಗಿದೆ, ಅದು ಕಲೋನ್ ಊರಿನವರದೇ. ಇಷ್ಟಾದರೂ ಎರಡು ಪದ ಬಾಯಿಪಾಠ ಮಾಡಿಕೋ. 'ಫ್ರಿಸ್ಟ್' ಅಂದರೆ ಗಡುವು, 'ಮಾನುಂಗ್' ಅಂದರೆ ದುಡ್ಡು ಬಾಕಿಯಿದೆ ಅನ್ನುವ ಎಚ್ಚರಿಕೆ. ಇವೆರಡು ಕಂಡರೆ ಅಡುಗೆ ಒಲೆ ಆರಿಸಿ ಮೊದಲು ಕಾಗದ ಓದು. ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಅಂತ ಮಾರುದ್ದದ ಪದ ನೋಡಿ ಹೆದರಬೇಡ, ಅದು ಮನೆ ಮಾಲೀಕ ಕೊಡುವ ದೃಢೀಕರಣ ಪತ್ರ, ಅಷ್ಟೇ. ಹೈಸ್ಕೂಲಿನಲ್ಲಿ ಸಮಾಸ ಬಿಡಿಸುತ್ತಿದ್ದೆಯಲ್ಲ, ಹಾಗೇ ಬಿಡಿಸಿದರೆ ಮೂರು ಸಾಧು ಪದಗಳು ಸಿಗುತ್ತವೆ.

ಇನ್ನೊಂದು ಕಾಗದ ಬರುತ್ತದೆ, ಎಲ್ಲರೂ ಅದನ್ನು ಮೋಸ ಅಂದುಕೊಳ್ಳುತ್ತಾರೆ. ರೇಡಿಯೋ, ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. ನಿನ್ನ ಹತ್ತಿರ ಟಿವಿ ಇಲ್ಲದಿದ್ದರೂ ಕಟ್ಟಬೇಕು. ಆದರೆ ಅದು ಮನೆಗೊಂದು, ತಲೆಗೊಂದಲ್ಲ. ನಿನ್ನ ಜೊತೆಯ ಹುಡುಗಿಯರಲ್ಲಿ ಒಬ್ಬಳು ಆಗಲೇ ಕಟ್ಟುತ್ತಿದ್ದರೆ ಅವಳ ಶುಲ್ಕದ ನಂಬರು ಬರೆದು ಉತ್ತರ ಕೊಡು, ನಿನ್ನ ಪಾಲನ್ನು ಅವಳಿಗೆ ಕೊಟ್ಟರಾಯಿತು.

ಓಡಾಟದ ವಿಷಯ ನಿನಗೇ ತಿಳಿದಿರುತ್ತದೆ. ಯೂನಿವರ್ಸಿಟಿಗೆ ಅಂತ ಗಾರ್ಶಿಂಗ್‌ಗೆ ದಿನಾ ಯು6 ಮೆಟ್ರೋ ಹಿಡಿಯುತ್ತೀಯ, ಮ್ಯೂನಿಕ್ಕಿನ ಬಸ್ಸು, ಮೆಟ್ರೋ ಆ್ಯಪ್ ಎಂವಿಜಿಓ ಹಾಕಿಕೊಂಡಿರುತ್ತೀಯ. ನಮ್ಮ ಮನೆಗೆ ಬರಲು ಜರ್ಮನ್ ರೈಲ್ವೆಯವರ ಡಿಬಿ ನ್ಯಾವಿಗೇಟರ್ ಬೇಕು. ಡಾಯ್ಚ್‌ಲಾಂಡ್ ಟಿಕೆಟ್ ಅಂದರೆ ದೇಶವಿಡೀ ನಡೆಯುವ ತಿಂಗಳ ಟಿಕೆಟ್, 2023ರ ಮೇನಲ್ಲಿ 49 ಯೂರೋಗೆ ಶುರುವಾಗಿ, 58 ಆಗಿ, 2026ರ ಜನವರಿಯಿಂದ 63 ಆಗಿದೆ. ವಿದ್ಯಾರ್ಥಿಗಳ ರಿಯಾಯಿತಿ ಏನಿದೆ ಅಂತ ಮೊದಲು ಯೂನಿವರ್ಸಿಟಿಯಲ್ಲಿ ಕೇಳು. ಆ ಟಿಕೆಟ್ಟಿನಲ್ಲಿ ಬಸ್ಸು, ಟ್ರಾಮ್, ಮೆಟ್ರೋ, ಸಣ್ಣ ರೈಲುಗಳೆಲ್ಲ ಹತ್ತಬಹುದು, ಐಸಿಇ ಎಂಬ ವೇಗದ ರೈಲು ಹತ್ತುವಂತಿಲ್ಲ. ಹುಡುಕುವಾಗ ಈ ಟಿಕೆಟ್ ನಡೆಯುವ ರೈಲುಗಳನ್ನಷ್ಟೇ ತೋರಿಸು ಅಂತ ಒತ್ತಿದರೆ ಉಲ್ಮ್‌ನಲ್ಲಿ ಬದಲಾಯಿಸಿ ಬರುವ ದಾರಿ ಸಿಗುತ್ತದೆ. ಇದು ತಿಂಗಳ ಚಂದಾ, ಬೇಡವೆಂದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. 11ಕ್ಕೆ ನೆನಪಾದರೆ ಇನ್ನೊಂದು ತಿಂಗಳು ಕಟ್ಟುವುದೇ. ಎಂದಾದರೂ ದುಡ್ಡು ಕೊಟ್ಟು ಐಸಿಇ ಹತ್ತಿ, ಅದು ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ಸು ಸಿಗುತ್ತದೆ. ಅದೇ ಆ್ಯಪ್‌ನಲ್ಲೇ ಕೇಳಬಹುದು. ನಾಚಿಕೆ ಬೇಡ, ಜರ್ಮನರು ಐದು ಯೂರೋಗೂ ಕೇಳುತ್ತಾರೆ.

ಫೋನ್ ಸತ್ತರೆ ಟಿಕೆಟ್ಟೂ ಸತ್ತಂತೆ. ಒಂದು ಚಳಿಗಾಲದ ರಾತ್ರಿ ನನ್ನ ಫೋನ್ ಎಂಟು ಪರ್ಸೆಂಟ್ ತೋರಿಸುತ್ತಲೇ ಆರಿಹೋಯಿತು, ಮುಂದಿನ ಸ್ಟೇಷನ್ನಿನಲ್ಲೇ ತಪಾಸಣೆಯವರು ಹತ್ತಿದರು. 60 ಯೂರೋ ದಂಡದ ಚೀಟಿ. ಟಿಕೆಟ್ ನನ್ನ ಹೆಸರಿನಲ್ಲಿದ್ದದ್ದರಿಂದ ಮಾರನೇ ದಿನ ಕೌಂಟರಿಗೆ ಹೋಗಿ ತೋರಿಸಿದೆ, ಅದು 7 ಯೂರೋಗೆ ಇಳಿಯಿತು. ಆದರೆ ಆ ಬೋಗಿಯಲ್ಲಿ ಎಲ್ಲರೂ ನೋಡುತ್ತಿದ್ದಾಗ ಆದ ಅವಮಾನಕ್ಕೆ ರಿಯಾಯಿತಿ ಇಲ್ಲ. ಪವರ್ ಬ್ಯಾಂಕ್ ಬ್ಯಾಗಿನಲ್ಲಿರಲಿ. ಒಂದು ಇಪ್ಪತ್ತರ ನೋಟೂ ಇರಲಿ, ಕಾರ್ಡ್ ತೆಗೆದುಕೊಳ್ಳದ ಬೇಕರಿಗಳು ಇನ್ನೂ ಇವೆ.

ಮೈಗೆ ಹುಷಾರಿಲ್ಲದಾಗ ಡಾಕ್ಟೊಲಿಬ್. ಇಂಗ್ಲಿಷ್ ಮಾತಾಡುವ ಡಾಕ್ಟರೇ ಬೇಕು ಅಂತ ಅದರಲ್ಲಿ ಆರಿಸಿಕೊಳ್ಳಬಹುದು. ಜ್ವರ ಬಂದ ಮೇಲೆ ಹುಡುಕಬೇಡ, ಈಗಲೇ ಒಬ್ಬ ಮನೆ ಡಾಕ್ಟರನ್ನು ಗೊತ್ತು ಮಾಡಿಟ್ಟುಕೋ. ಔಷಧಿ ಚೀಟಿ 2024ರಿಂದ ಹೆಚ್ಚಾಗಿ ಕಾಗದದಲ್ಲಿಲ್ಲ, ವಿಮೆ ಕಾರ್ಡಿನ ಮೂಲಕ ಬರುತ್ತದೆ. ಔಷಧಿ ಅಂಗಡಿಯಲ್ಲಿ ಆ ಕಾರ್ಡ್ ಕೊಟ್ಟರೆ ಸಾಕು. ಎಲ್ಲದಕ್ಕೂ ಕಾಗದ ಕೇಳುವ ದೇಶ ಇದೊಂದನ್ನು ಬಿಟ್ಟುಕೊಟ್ಟಿದೆ! ಪ್ರಾಣಾಪಾಯಕ್ಕೆ 112, ಪೊಲೀಸರಿಗೆ 110, ರಾತ್ರಿ ಹೊತ್ತು ಕಾಯಿಸಲಾಗದ ಜ್ವರ, ಹೊಟ್ಟೆನೋವಿಗೆ 116117. ಇವನ್ನು ಆ್ಯಪ್ ಹುಡುಕುವ ಬದಲು ತಲೆಯಲ್ಲಿಟ್ಟುಕೋ.

ನೀನಾ ಎಂಬ ಹೆಸರಿನ ಆ್ಯಪ್ ಹಾಕಿಕೊಂಡು ಮರೆತುಬಿಡು. ಸರ್ಕಾರದ್ದು, ಪ್ರವಾಹ, ಬಿರುಗಾಳಿ, ಬೆಂಕಿಯ ಸುದ್ದಿ ಕೂಗಿ ಹೇಳುತ್ತದೆ. 2021ರ ಜುಲೈನಲ್ಲಿ ಆರ್ ನದಿಯ ಕಣಿವೆ ಮತ್ತಿತರ ಕಡೆ ನೀರು ನುಗ್ಗಿ ದೇಶದಲ್ಲಿ 180ಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಎಷ್ಟೋ ಜನಕ್ಕೆ ಎಚ್ಚರಿಕೆಯೇ ಮುಟ್ಟಿರಲಿಲ್ಲ. ಆ ವಾರ ನಾವು ಟಿವಿ ಮುಂದೆಯೇ ಕೂತಿದ್ದೆವು. ಸೆಪ್ಟೆಂಬರಿನ ಎರಡನೇ ಗುರುವಾರ ಬೆಳಿಗ್ಗೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದರೆ ಗಾಬರಿ ಬೇಡ, ಅದು ಪರೀಕ್ಷೆ.

ಹಳೇ ಸೈಕಲ್ಲು, ಮೇಜು ಬೇಕಿದ್ದರೆ ಕ್ಲೈನ್‌ಆನ್‌ತ್ಸೈಗನ್. ವಸ್ತು ಕಣ್ಣಿಗೆ ಕಾಣುವ ತನಕ ದುಡ್ಡು ಕಳಿಸಬೇಡ. ಸಂಜೆ ಉಳಿದ ತಿಂಡಿಯನ್ನು ಅಗ್ಗಕ್ಕೆ ಕೊಡುವ ಟೂ ಗುಡ್ ಟು ಗೋ ಬಗ್ಗೆ ನಿನ್ನ ಗೆಳತಿಯರು ಹೇಳಿರುತ್ತಾರೆ. ಚೀಲದಲ್ಲಿ ಏನಿರುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ನಮ್ಮಂಥ ಸಸ್ಯಾಹಾರಿಗಳು ಬೇಕರಿಯ ಚೀಲಕ್ಕಷ್ಟೇ ಕೈ ಹಾಕುವುದು, ಅಲ್ಲೂ ಹ್ಯಾಮ್ ತುಂಬಿದ ಬನ್ನು ಬಂದರೆ ಪಕ್ಕದ ರೂಮಿನವಳಿಗೆ ಕೊಡು, ಸ್ನೇಹವಾಗುತ್ತದೆ.

ಊರಿನ ನಂಬರನ್ನು ಮಾತ್ರ ಸಾಯಿಸಬೇಡ. ನಿನ್ನ ಬ್ಯಾಂಕು, ಆಧಾರ್, ಎಲ್ಲದರ ಓಟಿಪಿ ಬರುವುದು ಆ ಸಿಮ್ಮಿಗೇ. 90 ದಿನ ಮುಟ್ಟದೇ ಬಿಟ್ಟರೆ ನಂಬರು ಬೇರೆಯವರ ಪಾಲಾಗಬಹುದು. ಬರುವ ಮುಂಚೆ ರೋಮಿಂಗ್ ಹಾಕಿಸಿದ್ದೀಯೋ ಇಲ್ಲವೋ ನಿಮ್ಮಮ್ಮನನ್ನು ಕೇಳಿ ಖಚಿತ ಮಾಡಿಕೋ, ರೀಚಾರ್ಜಿನ ಜವಾಬ್ದಾರಿಯನ್ನೂ ಅವಳಿಗೇ ಒಪ್ಪಿಸು, ನನ್ನಕ್ಕ ಹಾಲಿನ ಲೆಕ್ಕ ಮರೆತವಳಲ್ಲ. ವಿದೇಶಿ ನಂಬರಿನಲ್ಲೇ ಯುಪಿಐ ನಡೆಯುತ್ತದಂತೆ ಅಂತ ನೀನು ಕೇಳಿದ್ದೆ. 2023ರಲ್ಲಿ ಮೊದಲು ಹತ್ತು ದೇಶದವರಿಗೆ ಅದನ್ನು ತೆರೆದಾಗ ಜರ್ಮನಿ ಆ ಪಟ್ಟಿಯಲ್ಲಿರಲಿಲ್ಲ. ಊರಿನ ಸಿಮ್ಮನ್ನೇ ನಂಬಿಕೋ. ಬ್ಯಾಂಕಿನವರಿಗೆ ಹೇಳಿ ಖಾತೆಯನ್ನು ಎನ್‌ಆರ್‌ಓ, ಅಂದರೆ ವಿದೇಶದಲ್ಲಿರುವವರ ಖಾತೆ, ಮಾಡಿಸುವುದೂ ಬಾಕಿಯಿದೆ, ಅದನ್ನು ಮುಂದಕ್ಕೆ ಹಾಕಬೇಡ.

ಈಗ ಲಕೋಟೆಯನ್ನು ತಿರುಗಿಸಿ ನೋಡು. ಸ್ಟಾಂಪು ಇಲ್ಲ, ಮೂಲೆಯಲ್ಲಿ ಪೆನ್ನಿನಿಂದ 'ಪೋರ್ಟೋ' ಅಂತ ಒಂದು ಪದ, ಜೊತೆಗೆ ಎಂಟು ಅಕ್ಷರದ ಕೋಡು ಇದೆ. ಅಂಚೆಯವರ ಆ್ಯಪ್‌ನಲ್ಲಿ 95 ಸೆಂಟ್ ಕೊಟ್ಟು ತೆಗೆದುಕೊಂಡದ್ದು. ಭಾನುವಾರ ಸ್ಟಾಂಪಿಗೆ ಎಲ್ಲಿ ಅಲೆಯಲಿ? ನಿನಗೂ ಬೇಕಾಗುತ್ತದೆ, ಇಲ್ಲಿ ಯಾವುದನ್ನಾದರೂ ರದ್ದು ಮಾಡುವುದಿದ್ದರೆ ಸಹಿ ಹಾಕಿದ ಕಾಗದ ಕಳಿಸು ಅನ್ನುವವರು ಇನ್ನೂ ಇದ್ದಾರೆ.

ಇದು ನಿನ್ನ ಕೈಗೆ ಬಂದಿದ್ದರೆ ಡಬ್ಬದ ಮೇಲೆ ನಿನ್ನ ಹೆಸರು ಅಂಟಿದೆ ಅಂತ ಆಯಿತು, ಒಂದು ಫೋಟೋ ತೆಗೆದು ಕಳಿಸು, ವಾಟ್ಸಾಪಿನಲ್ಲೇ ಸಾಕು. ಹತ್ತು ದಿನದಲ್ಲಿ ಫೋಟೋ ಬರದಿದ್ದರೆ ಶನಿವಾರ ಬೆಳಿಗ್ಗೆ ಟೇಪು ಹಿಡಿದು ನಾನೇ ಬರುತ್ತೇನೆ. ನಿಮ್ಮತ್ತೆ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಹೇಗಿದ್ದರೂ ಅದನ್ನು ತಲುಪಿಸಬೇಕು.

ಇಂತಿ ನಿನ್ನ
ಮಾವ